ಮಂಜಿನಲ್ಲಿ ನಿಂತ ಪಂದ್ಯ

1990 ಆಗಸ್ಟ್ 18, ಶನಿವಾರ

ಹೊಸ ಋತುವಿನ ಫುಟ್‌ಬಾಲ್ ಶುರುವಾಯಿತು. ಥಾರ್ನ್‌ಶಾ ಟೌನ್ ಮಾತ್ರ ಅದೇ ಹಳೆಯದು. ಸ್ವಂತ ಮೈದಾನದಲ್ಲಿ, ಮೊದಲ ಪಂದ್ಯದಲ್ಲೇ ಮೂರು ಗೋಲು ತಿಂದೆವು, ಒಂದೂ ಹೊಡೆಯಲಿಲ್ಲ. ನೋಡಲು ಬಂದದ್ದು ತೊಂಬತ್ತೊಂದು ಜನ, ಎರಡು ನಾಯಿ. ಕೊನೆಯವರೆಗೆ ಕೂತದ್ದು ನಾಯಿಗಳು.

ಟೆರಿ ಬೂತ್‌ನನ್ನು ತರಬೇತುದಾರ ಎಂದು ಕರೆಯುವುದು ನಮ್ಮ ದೊಡ್ಡ ಮನಸ್ಸು. ವಾರವೆಲ್ಲ ನಲ್ಲಿ ರಿಪೇರಿ, ಶನಿವಾರ ನಮ್ಮ ತಂಡದ ರಿಪೇರಿ. "ಹುಡುಗ್ರು ಇನ್ನೂ ರಜಾ ಮುಗಿಸಿ ಬಂದಿಲ್ಲ ಕಣೋ ಆರ್ನಲ್ಡ್, ಬರೀ ಮೈ ಬಂದಿದೆ" ಎಂದ. "ಮೈಯೂ ಪೂರ್ತಿ ಬಂದ ಹಾಗಿಲ್ಲ" ಎಂದೆ.

ಪೆನೈನ್ ಕಣಿವೆ ಲೀಗಿನ ಹೊಸ ನಿಯಮ ಪುಸ್ತಕ ಅಂಚೆಯಲ್ಲಿ ಬಂದಿದೆ. ಲಕೋಟೆ ಒಡೆಯಲಿಲ್ಲ. ಇಪ್ಪತ್ತಾರು ವರ್ಷದಿಂದ ಈ ಕ್ಲಬ್ಬಿನ ಕಾರ್ಯದರ್ಶಿ ನಾನು. ಒಂದು ಕಾಗದ ತಡವಾಗಿಲ್ಲ, ಒಂದು ಹೆಸರು ತಪ್ಪಿಲ್ಲ. ಆ ನಿಯಮಗಳಲ್ಲಿ ಅರ್ಧಕ್ಕರ್ಧ ಬರೆಯುವಾಗ ಸಮಿತಿಯಲ್ಲಿ ನಾನೇ ಕೂತಿದ್ದೆ. ಬರೆದವನಿಗೇ ಓದಿ ಹೇಳುವುದೇ?

1990 ಸೆಪ್ಟೆಂಬರ್ 15, ಶನಿವಾರ

ಎಲ್ಲರ್‌ಕ್ಲಫ್ ರೋವರ್ಸ್ ಮೈದಾನದಲ್ಲಿ ಎರಡು–ಒಂದರಿಂದ ಸೋತೆವು. ಯಾರ ಕೈಯಲ್ಲಾದರೂ ಸೋಲಬಹುದು, ಗುಡ್ಡದಾಚೆಯ ಆ ಊರಿನವರ ಕೈಯಲ್ಲಿ ಸೋತರೆ ಮಾತ್ರ ನನ್ನ ಹೊಟ್ಟೆ ಉರಿಯುತ್ತದೆ.

ಗೆಲುವಿನ ಗೋಲು ಹೊಡೆದವನು ಒಬ್ಬ ಹೊಸಬ. ಅವರ ಕಾರ್ಯದರ್ಶಿ ಮೇವಿಸ್ ಹಾರ್ಸ್‌ಫಾಲ್ ಚಹಾ ಬಗ್ಗಿಸಿ ಕೊಡುವಾಗ, ಇವನ ನೋಂದಣಿ ಫಾರಂ ಯಾವಾಗ ಹೋಯಿತು ಎಂದು ಸುಮ್ಮನೆ ಕೇಳುವಂತೆ ಕೇಳಿದೆ.

"ಸೋಮವಾರ ಸಹಿ ಹಾಕ್ಸಿದ್ದೆ. ಪೋಸ್ಟ್ ಮಾಡೋದು ನಿನ್ನೆ ಆಯ್ತು ನೋಡು. ವಾರವೆಲ್ಲಾ ಜೋ ಆಸ್ಪತ್ರೇಲಿದ್ದ, ನನಗೆ ಕೈಕಾಲೇ ಆಡಿಲ್ಲ ಆರ್ನಲ್ಡ್."

ಜೋ ಅವಳ ಗಂಡ. ಪಾಪ, ಎದೆ ನೋವಂತೆ. ಆದರೆ ಫಾರಂ ಶುಕ್ರವಾರ ಸಂಜೆಯೊಳಗೆ ಲೀಗಿನ ಕೈಯಲ್ಲಿರಬೇಕು. ನಿನ್ನೆ ಪೋಸ್ಟ್ ಮಾಡಿದ್ದು ನಿನ್ನೆಯೇ ಹೋಗಿ ಮುಟ್ಟಲು ಅದಕ್ಕೇನು ರೆಕ್ಕೆ ಇದೆಯೇ? ಮನೆಗೆ ಬಂದವನೇ ಲೀಗಿಗೆ ದೂರು ಟೈಪ್ ಮಾಡಿದೆ.

ನನ್ನ ಹೆಂಡತಿ ಎನಿಡ್ ಬೆನ್ನ ಹಿಂದೆ ನಿಂತು ಓದಿದಳು. "ಗಂಡ ಆಸ್ಪತ್ರೇಲಿದ್ದ ಅಂತ ಅವಳು ನಿನ್ನ ಹತ್ರ ಹೇಳ್ಕೊಂಡದ್ದು ಲೀಗಿಗೆ ಬರೀಲಿ ಅಂತಲ್ಲ."

"ಆಸ್ಪತ್ರೆ ನಿಯಮ ಪುಸ್ತಕದಲ್ಲಿ ಇಲ್ಲ" ಎಂದೆ. ಮಾತು ಚೆನ್ನಾಗಿ ಬಂತು, ಅದಕ್ಕೇ ಬರೆದಿಟ್ಟೆ.

1990 ಅಕ್ಟೋಬರ್ 2, ಮಂಗಳವಾರ

ತೀರ್ಪು ಬಂತು. ಎಲ್ಲರ್‌ಕ್ಲಫ್‌ನ ಮೂರು ಅಂಕ ಕಡಿತ. ಅವರು ಆವತ್ತು ಗೆದ್ದದ್ದು ಗೆದ್ದ ಹಾಗೆಯೇ ಅಲ್ಲ!

ಅಭ್ಯಾಸಕ್ಕೆ ಬಂದ ಹುಡುಗರಿಗೆ ಹೇಳಿದೆ. ನಮ್ಮ ಮುಂಚೂಣಿ ಆಟಗಾರ ರಾಯ್ ಕ್ರಾಬ್‌ಟ್ರೀ, ಹಂಚು ಹೊದಿಸುವ ಕೆಲಸದವನು, ಬೂಟಿನ ದಾರ ಕಟ್ಟುತ್ತಾ ತಲೆ ಎತ್ತದೆ ಹೇಳಿದ: "ನಮ್ಮ ಕಾಲಲ್ಲಿ ಆಗದ್ದನ್ನ ನೀವು ಟೈಪ್‌ರೈಟರಲ್ಲಿ ಮಾಡಿದ್ರಿ ಬಿಡಿ, ಸೆಕ್ರೆಟ್ರಿಗಳೇ." ಎಲ್ಲರೂ ನಕ್ಕರು. ಹೊಗಳಿಕೆ ಎಂದೇ ತೆಗೆದುಕೊಂಡೆ.

1990 ಡಿಸೆಂಬರ್ 29, ಶನಿವಾರ

ಇಪ್ಪತ್ತು ತಂಡಗಳಲ್ಲಿ ಹತ್ತೊಂಬತ್ತನೆಯವರು ನಾವು. ಇಪ್ಪತ್ತನೆಯದು ಎಲ್ಲರ್‌ಕ್ಲಫ್. ಋತುವಿನ ಕೊನೆಗೆ ಕಟ್ಟಕಡೆಯ ಒಂದು ತಂಡ ಕೆಳಗಿನ ವಿಭಾಗಕ್ಕೆ ಇಳಿಯಬೇಕು.

ಇಳಿದರೆ ಏನಾಗುತ್ತದೆ ಎಂದು ಈ ಊರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಟೆರಿ ಹೋಗುತ್ತಾನೆ. ಅವನ ಹಿಂದೆ ನಾಲ್ಕೈದು ಒಳ್ಳೆಯ ಹುಡುಗರು ಹೋಗುತ್ತಾರೆ. ಆಮೇಲೆ ಹನ್ನೊಂದು ಜನ ಸೇರುವುದೇ ಕಷ್ಟ. ಗಿರಣಿ ಮುಚ್ಚಿತು, ಸಿನಿಮಾ ಮಂದಿರ ಮುಚ್ಚಿತು. ಶನಿವಾರ ಮೂರು ಗಂಟೆಗೆ ಜನ ಕೋಟು ಹಾಕಿಕೊಂಡು ಹೊರಡಲು ಉಳಿದಿರುವುದು ಈ ಮೈದಾನ ಒಂದೇ.

ಇಂಥ ಹೊತ್ತಿನಲ್ಲಿ ರಾಯ್ ಮಹಾಶಯ ಎದುರಾಳಿಯ ಮೂತಿಗೆ ಗುದ್ದಿ ಕೆಂಪು ಕಾರ್ಡ್ ತೆಗೆದುಕೊಂಡಿದ್ದಾನೆ. ಎರಡು ಪಂದ್ಯ ನಿಷೇಧ ಖಂಡಿತ.

1991 ಜನವರಿ 19, ಶನಿವಾರ

ರಾಯ್ ಇಲ್ಲದ ಮೊದಲ ಪಂದ್ಯ ಹೋದ ವಾರ ಸೋತಾಯಿತು. ಇವತ್ತು ಎರಡನೆಯದು, ಎಲ್ಲರ್‌ಕ್ಲಫ್ ಮೇಲೆ, ನಮ್ಮ ಮೈದಾನದಲ್ಲಿ.

ಅರ್ಧದಾಟದ ಹೊತ್ತಿಗೆ ಅವರದು ಎರಡು ಗೋಲು. ಆಮೇಲೆ ಗುಡ್ಡದಿಂದ ಮಂಜು ಇಳಿಯತೊಡಗಿತು. ಮೊದಲು ಆಚೆಯ ಗೋಲುಕಂಬ ಹೋಯಿತು, ಆಮೇಲೆ ನಮ್ಮದೇ ಹೋಯಿತು. ಯಾರೋ ಚೆಂಡು ಒದ್ದ ಸದ್ದು, ಯಾರೋ ಯಾರನ್ನೋ ಬೈದ ಸದ್ದು, ಅಷ್ಟೇ. "ಆರ್ನಲ್ಡ್, ನಾವಿನ್ನೂ ಸೋಲ್ತಿದ್ದೀವಾ?" ಎಂದು ಟೆರಿ ಕೂಗಿ ಕೇಳಿದ. ಎಪ್ಪತ್ತೊಂದನೆಯ ನಿಮಿಷಕ್ಕೆ ರೆಫರಿ ಸೀಟಿ ಊದಿ ಪಂದ್ಯ ಅಲ್ಲಿಗೇ ನಿಲ್ಲಿಸಿದ. ಮುಂದೆ ಎಂದಾದರೂ ಮೊದಲಿನಿಂದ ಆಡಬೇಕು.

ನಾನು ಸತ್ತು ಬದುಕಿದೆ. ಮೇವಿಸ್ ಮುಖ ಬಿಳಿಚಿಕೊಂಡಿತ್ತು. ಗೆಲ್ಲುತ್ತಿದ್ದ ಪಂದ್ಯ! ಆದರೂ ನನ್ನ ಪಕ್ಕ ಕೋಟು ಹೊದ್ದು ನಿಂತಿದ್ದ ರಾಯ್‌ಗೆ "ಬೆಚ್ಚಗಿರಪ್ಪ, ನೆಗಡಿಯಾದೀತು" ಎಂದು ಹೇಳಿ ಹೋದಳು.

ಒಂದು ಲಾಭ: ರಾಯ್‌ನ ಎರಡು ಪಂದ್ಯದ ಶಿಕ್ಷೆ ಮುಗಿಯಿತು.

1991 ಜನವರಿ 26, ಶನಿವಾರ

ಗೆದ್ದೆವು! ಸ್ಟೋನ್‌ರಿಗ್ ಮೇಲೆ ಎರಡು–ಒಂದು, ಎರಡೂ ರಾಯ್‌ನವು. ಎರಡನೆಯದನ್ನು ನಾಲ್ವರ ನಡುವೆ ನುಗ್ಗಿ ಹೊಡೆದ. ಮುದುಕರೆಲ್ಲ ಟೋಪಿ ಎಸೆದರು, ಕೆಲವರದು ವಾಪಸು ಸಿಗಲಿಲ್ಲ.

ಪಂದ್ಯಕ್ಕೆ ಮೊದಲು ರಾಯ್ ನನ್ನ ಕೋಣೆಗೆ ಬಂದಿದ್ದ. "ನನ್ನ ಎರಡು ಮುಗೀತಾ? ಮಂಜಿನದ್ದು ಪೂರ್ತಿ ಆಗಲಿಲ್ಲವಲ್ಲ."

"ನೀನು ಹಂಚು ನೋಡ್ಕೊ, ಪುಸ್ತಕ ನಾನು ನೋಡ್ಕೋತೀನಿ."

"ಅಲ್ಲ, ಗ್ಯಾರಂಟಿ ತಾನೇ?"

"ಮುಗೀತು ಅಂದ್ರೆ ಮುಗೀತು ಕಣಯ್ಯಾ!" ಎಂದು ಗದರಿ ಕಳಿಸಿದೆ.

1991 ಫೆಬ್ರವರಿ 12, ಮಂಗಳವಾರ

ಮೊಣಕಾಲುದ್ದ ಹಿಮ. ಎಲ್ಲ ಪಂದ್ಯಗಳೂ ಮುಂದಕ್ಕೆ ಹೋಗಿವೆ. ಸ್ಟೋನ್‌ರಿಗ್‌ನವರು ರೆಫರಿಯನ್ನು ಕೇಳದೆಯೇ ತಮ್ಮ ಪಂದ್ಯ ಮುಂದೂಡಿದರಂತೆ. ಹಾಗೆ ಮಾಡುವ ಹಾಗಿಲ್ಲ. ಯಾವ ನಿಯಮದಲ್ಲಿ ಹಿಡಿಯಬಹುದು ಎಂದು ಹುಡುಕಲು ಹೊಸ ಪುಸ್ತಕದ ಲಕೋಟೆ ಒಡೆದೆ.

ಇಪ್ಪತ್ತಮೂರನೆಯ ನಿಯಮ. ಕೊನೆಯಲ್ಲಿ ಹೊಸದಾಗಿ ಒಂದು ವಾಕ್ಯ ಸೇರಿಸಿದ್ದಾರೆ. "ಪೂರ್ಣಗೊಳ್ಳದೆ ನಿಂತ ಪಂದ್ಯವು ಆಟಗಾರನ ನಿಷೇಧದ ಲೆಕ್ಕಕ್ಕೆ ಸೇರತಕ್ಕದ್ದಲ್ಲ."

ಐದು ಸಲ ಓದಿದೆ. ಕನ್ನಡಕ ಒರೆಸಿ ಇನ್ನೊಂದು ಸಲ ಓದಿದೆ.

ಮಂಜಿನ ಪಂದ್ಯ ಲೆಕ್ಕಕ್ಕಿಲ್ಲ. ಸ್ಟೋನ್‌ರಿಗ್ ಮೇಲೆ ಆಡುವಾಗ ರಾಯ್‌ಗೆ ಒಂದು ಪಂದ್ಯದ ನಿಷೇಧ ಬಾಕಿ ಇತ್ತು. ಅದರ ಮುಂದಿನ ವಾರ ಜ್ವರ ಬಂದು ಅವನು ಆಡಲಿಲ್ಲ, ಬಾಕಿ ಅಲ್ಲಿಗೆ ತೀರಿತು. ಹಾಗಾಗಿ ತಪ್ಪು ಒಂದೇ ಪಂದ್ಯಕ್ಕೆ. ಆದರೆ ಒಂದು ಸಾಕು. ಲೀಗಿಗೆ ಗೊತ್ತಾದರೆ ಮೂರು ಅಂಕ ಹೋಗುತ್ತದೆ, ನಾವು ತಳಕ್ಕೆ ಬೀಳುತ್ತೇವೆ.

ಬೇರೆ ಕ್ಲಬ್ಬಿನವರು ದೂರು ಕೊಡಲು ಹದಿನಾಲ್ಕು ದಿನ ಮಾತ್ರ ಅವಕಾಶ. ಶನಿವಾರಕ್ಕೆ ಅದು ಮುಗಿಯಿತು. ಯಾರೂ ಕೊಟ್ಟಿಲ್ಲ. ಇನ್ನು ಹೇಳುವುದಾದರೆ ನಾನೇ ಹೇಳಬೇಕು.

ಪುಸ್ತಕವನ್ನು ಮತ್ತೆ ಲಕೋಟೆಗೆ ತುರುಕಿ, ಕೋಟು ಹಾಕಿಕೊಂಡು ಕೂತಿದ್ದೇನೆ. ಮನೆಯಲ್ಲಿ ಚಳಿ ಜಾಸ್ತಿ.

1991 ಫೆಬ್ರವರಿ 13, ಬುಧವಾರ

ಹಳೆಯ ಪುಸ್ತಕ ತೆಗೆದು ನೋಡಿದೆ. ಅದರಲ್ಲಿ ಆ ವಾಕ್ಯ ಇಲ್ಲ. ಹಳೆಯದೇ ಚೆನ್ನಾಗಿತ್ತು.

1991 ಫೆಬ್ರವರಿ 21, ಗುರುವಾರ

ಮೇವಿಸ್ ಫೋನ್ ಮಾಡಿದಳು. ಮಂಜಿನಲ್ಲಿ ನಿಂತ ಪಂದ್ಯವನ್ನು ಮತ್ತೆ ಆಡಲು ದಿನ ಗೊತ್ತು ಮಾಡಬೇಕಿತ್ತು. ಹಿಮದಿಂದಾಗಿ ಎಲ್ಲರ ಶನಿವಾರಗಳೂ ಭರ್ತಿ. ಕಡೆಗೆ ಮೇ 4 ಎಂದು ತೀರ್ಮಾನವಾಯಿತು, ಋತುವಿನ ಕೊನೆಯ ಶನಿವಾರ.

"ಮತ್ತೇನಾದ್ರೂ ಇದೆಯಾ ಆರ್ನಲ್ಡ್?" ಎಂದಳು.

"ಮತ್ತೇನು?"

"ಏನೂ ಇಲ್ಲ. ಸುಮ್ನೆ ಕೇಳ್ದೆ."

ಹೆಂಗಸರಿಗೆ ಫೋನ್ ಇಡಲು ಮನಸ್ಸೇ ಬರುವುದಿಲ್ಲ.

1991 ಮಾರ್ಚ್ 14, ಗುರುವಾರ

ಲೀಗಿನ ಸಭೆ. ಒಂದು ಚಿಕ್ಕ ಕ್ಲಬ್ಬಿನ ಕಾರ್ಯದರ್ಶಿ, ಹೊಸಬ, ಆಟಗಾರರ ಪಟ್ಟಿ ಎರಡು ದಿನ ತಡವಾಗಿ ಕಳಿಸಿದ್ದಾನೆ. ಲೀಗಿನ ಮುಖ್ಯ ಕಾರ್ಯದರ್ಶಿ ಲಾಕ್‌ವುಡ್ ರೂಢಿಯಂತೆ ನನ್ನ ಕಡೆ ತಿರುಗಿದರು. ಇಂಥದ್ದಕ್ಕೆ ನಿಯಮದ ಸಂಖ್ಯೆ ಹೇಳುವವನು ಯಾವಾಗಲೂ ನಾನೇ.

"ಬಿಟ್ಟುಬಿಡಿ, ಪರವಾಗಿಲ್ಲ. ಯಾರಿಗಾದ್ರೂ ಆಗುತ್ತೆ" ಎಂದೆ.

ಲಾಕ್‌ವುಡ್ ಕನ್ನಡಕದ ಮೇಲಿಂದ ನೋಡಿದರು. "ಮೈಯಲ್ಲಿ ಹುಷಾರಿದೆ ತಾನೇ ಮಿಡ್ಜ್‌ಲಿಯವರೇ?" ಸ್ವಲ್ಪ ನೆಗಡಿ ಎಂದೆ. ಎದುರು ಸಾಲಿನಲ್ಲಿ ಮೇವಿಸ್ ತನ್ನ ಕೈಚೀಲದ ಕೊಂಡಿ ನೋಡುತ್ತಾ ಕೂತಿದ್ದಳು. ಸಭೆ ಮುಗಿದ ಮೇಲೆ ಚಹಾಕ್ಕೆ ನಿಲ್ಲಲಿಲ್ಲ. ನನಗೆ ಬಸ್ ಇತ್ತು.

1991 ಮಾರ್ಚ್ 23, ಶನಿವಾರ

ಸೋಲು.

1991 ಏಪ್ರಿಲ್ 6, ಶನಿವಾರ

ಡ್ರಾ. ಅಂಚೆಯವನು ಗೇಟು ತೆಗೆದ ಸದ್ದಾದರೆ ಕಿಟಕಿಗೆ ಓಡುತ್ತೇನೆ. ಲೀಗಿನ ಮುದ್ರೆಯ ಲಕೋಟೆಯೊಂದು ಬಂತು. ಒಡೆಯುವ ಮೊದಲು ಕುರ್ಚಿ ಎಳೆದು ಕೂತೆ. ವಾರ್ಷಿಕ ಭೋಜನಕ್ಕೆ ಎಷ್ಟು ಜನ ಎಂದು ಕೇಳಿದ್ದಾರೆ, ಹಾಳಾಗಿ ಹೋಗಲಿ.

ಎನಿಡ್ ಕೇಳಿದಳು, "ಏನಾಗಿದೆ ನಿನಗೆ? ಎರಡು ತಿಂಗಳಾಯ್ತು, ಯಾರನ್ನೂ ಬೈದಿಲ್ಲ." ನೆಮ್ಮದಿಯಾಗಿದ್ದರೂ ತಪ್ಪು ಈ ಮನೆಯಲ್ಲಿ.

1991 ಏಪ್ರಿಲ್ 17, ಬುಧವಾರ

ಲೀಗಿಗೆ ಪತ್ರ ಟೈಪ್ ಮಾಡಿದೆ. ಐದೇ ಸಾಲು. ಒಂದು ಅಕ್ಷರವೂ ತಪ್ಪಿಲ್ಲ. ಮೇಜಿನ ಡ್ರಾಯರ್‌ನಲ್ಲಿಟ್ಟೆ. ಕಳಿಸುತ್ತೇನೆ ಎಂದಲ್ಲ. ಹುಡುಗರು ತಾವಾಗಿಯೇ ಇನ್ನೆರಡು ಪಂದ್ಯ ಗೆದ್ದುಬಿಟ್ಟರೆ ಆ ಮೂರು ಅಂಕ ಹೋದರೂ ಹೋಗಲಿ, ಆಗ ಕಳಿಸಬಹುದು. ಹಾಗೆ ನೋಡಿದರೆ ನಾನು ಕಾಯುತ್ತಿದ್ದೇನೆ ಅಷ್ಟೆ, ಮುಚ್ಚಿಡುತ್ತಿಲ್ಲ.

1991 ಏಪ್ರಿಲ್ 27, ಶನಿವಾರ

ಗೆಲ್ಲಲಿಲ್ಲ. ನಮ್ಮದು ಮೂವತ್ತನಾಲ್ಕು ಅಂಕ, ಎಲ್ಲರ್‌ಕ್ಲಫ್‌ನದು ಮೂವತ್ತಮೂರು. ಉಳಿದವರೆಲ್ಲ ಪಾರಾದರು. ಮುಂದಿನ ಶನಿವಾರ ನಾವಿಬ್ಬರೇ. ನಮಗೆ ಡ್ರಾ ಆದರೆ ಸಾಕು, ಅವರು ಗೆಲ್ಲಲೇಬೇಕು.

ಬೇಕರಿಯವನು, ಬಸ್ಸಿನವನು, ಪಾದ್ರಿಗಳು ಎಲ್ಲರೂ ಬೆನ್ನು ತಟ್ಟುತ್ತಾರೆ. ಬೆನ್ನು ನೋಯುತ್ತಿದೆ.

1991 ಮೇ 4, ಶನಿವಾರ

ಏಳುನೂರು ಜನ. ಇಷ್ಟು ಜನವನ್ನು ಈ ಮೈದಾನದಲ್ಲಿ ನೋಡಿ ಇಪ್ಪತ್ತು ವರ್ಷವಾಗಿತ್ತು. ಮಾಂಸದ ಕಡುಬು ಒಂದೂವರೆ ಗಂಟೆಗೇ ಮುಗಿದು ಎನಿಡ್ ಬೇಕರಿಗೆ ಓಡಿದಳು.

ಇಪ್ಪತ್ತನೆಯ ನಿಮಿಷಕ್ಕೆ ಅವರು ಗೋಲು ಹೊಡೆದರು. ಅದೇ ಹುಡುಗ, ಸೆಪ್ಟೆಂಬರಿನಲ್ಲಿ ನಾನು ಹಿಡಿಸಿಹಾಕಿದವನು. ಗುಡ್ಡದಾಚೆಯವರು ಕುಣಿದದ್ದೇ ಕುಣಿದದ್ದು. ಆ ಕ್ಷಣ ನನ್ನೊಳಗೆ ಆದದ್ದನ್ನು ಹೇಗೆ ಬರೆಯಲಿ? ಹಾಯೆನಿಸಿತು. ಸೋತುಬಿಟ್ಟರೆ ಎಲ್ಲ ಮುಗಿಯಿತು, ಡ್ರಾಯರ್‌ನ ಪತ್ರ ಒಲೆಗೆ ಹಾಕಬಹುದು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನ್ನ ತಂಡ ಸೋಲಲಿ ಎಂದುಕೊಂಡೆ. ಛೀ, ಏನಾಗಿದೆ ನನಗೆ?

ಎಂಬತ್ತಾರನೆಯ ನಿಮಿಷ. ಮೂಲೆಯಿಂದ ಬಂದ ಚೆಂಡಿಗೆ ರಾಯ್ ತಲೆ ಕೊಟ್ಟ. ಗೋಲು. ಒಂದು–ಒಂದು. ಉಳಿದ ನಾಲ್ಕು ನಿಮಿಷ ನಾನು ನೋಡಲಿಲ್ಲ, ಗೋಡೆಗೆ ಮುಖ ಮಾಡಿ ನಿಂತಿದ್ದೆ. ಸೀಟಿ ಕೇಳಿಸಿತು, ಆಮೇಲೆ ಕೂಗು. ಟೆರಿ ಓಡಿಬಂದು ನನ್ನನ್ನು ಎತ್ತಿಯೇಬಿಟ್ಟ. "ಉಳ್ಕೊಂಡ್ವಿ ಮಾರಾಯ! ಅಳ್ತಿದ್ದೀಯಾ? ಅಳು, ಅಳು, ನಾನೂ ಅಳ್ತಿದ್ದೀನಿ!"

ಚಹಾ ಕೋಣೆಯಲ್ಲಿ ಮೇವಿಸ್ ಒಬ್ಬಳೇ ಇದ್ದಳು. ಅವರ ಸಮಿತಿಯವರು ಯಾರೂ ಒಳಗೆ ಬಂದಿರಲಿಲ್ಲ. ಕಣ್ಣು ಕೆಂಪಾಗಿತ್ತು, ಆದರೆ ಎದ್ದುನಿಂತು ಕೈ ಚಾಚಿದಳು.

"ಚೆನ್ನಾಗಿ ಆಡಿದ್ರು ನಿಮ್ಮ ಹುಡುಗ್ರು. ಆ ಕ್ರಾಬ್‌ಟ್ರೀ ಗಟ್ಟಿಗ."

ಥ್ಯಾಂಕ್ಸ್ ಎಂದೆ. ಜೋ ಹೇಗಿದ್ದಾನೆ ಎಂದೆ. ಎಂಟು ತಿಂಗಳಲ್ಲಿ ಮೊದಲ ಸಲ ಕೇಳಿದ್ದು.

"ಪರವಾಗಿಲ್ಲ, ಓಡಾಡ್ತಾನೆ." ಕೋಟಿನ ಗುಂಡಿ ಹಾಕಿಕೊಂಡಳು. ಬಾಗಿಲ ತನಕ ಹೋಗಿ ನಿಂತಳು. "ಮಂಜಿನ ದಿನ ಅವನು ನಿನ್ನ ಪಕ್ಕದಲ್ಲೇ ಕೋಟು ಹೊದ್ದು ನಿಂತಿದ್ದ ಆರ್ನಲ್ಡ್. ಮುಂದಿನ ವಾರ ಎರಡು ಗೋಲು ಹೊಡೆದ ಅಂತ ಪೇಪರ್‌ನಲ್ಲಿ ನೋಡ್ದೆ. ಹೊಸ ಪುಸ್ತಕ ನಾನು ಮೂರು ಸಲ ಓದಿದ್ದೀನಿ. ನಿನ್ನ ದಯದಿಂದ ಓದೋ ಹಾಗಾಯ್ತು."

ಕೈಯಲ್ಲಿದ್ದ ಚಹಾ ಬಟ್ಟಲನ್ನು ಮೇಜಿನ ಮೇಲಿಟ್ಟೆ.

"ಹದಿನಾಲ್ಕು ದಿನ ಇತ್ತಲ್ಲ ನಿನಗೆ, ಯಾಕೆ ದೂರು ಕೊಡಲಿಲ್ಲ?" ಎಂದು ಕೇಳಿದೆ.

"ನಾನ್ಯಾಕೆ ಕೊಡಲಿ? ತಪ್ಪಾಗಿದೆ ಅಂತ ಗೊತ್ತಾದ್ರೆ ಆರ್ನಲ್ಡ್ ಮಿಡ್ಜ್‌ಲಿ ತಾನೇ ಬರೀತಾನೆ ಅಂತ ಜೋಗೆ ಹೇಳ್ದೆ. ಅವನು ಬಾಯಿಬಡುಕ, ಆದ್ರೆ ನೆಟ್ಟಗಿನ ಮನುಷ್ಯ ಅಂದೆ. ಫೆಬ್ರವರಿಯಿಂದ ಇವತ್ತಿನವರೆಗೂ ಕಾದೆ."

ಹೋದಳು. ಅವರ ಬಸ್ಸು ಗುಡ್ಡ ಹತ್ತುವ ತನಕ ಕಿಟಕಿಯಲ್ಲಿ ನಿಂತಿದ್ದೆ.

1991 ಮೇ 5, ಭಾನುವಾರ

ಎನಿಡ್‌ಗೆ ಎಲ್ಲ ಹೇಳಿದೆ. ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು, ಚಾಕು ಕೆಳಗಿಟ್ಟಳು. "ನಾನು ಕಾಯಿಲೆ ಅಂದ್ಕೊಂಡಿದ್ದೆ" ಎಂದಳು. "ಮೂರು ತಿಂಗಳಿಂದ ನೀನು ಸಾಯ್ತೀಯ ಅಂತ ಹೆದರ್ಕೊಂಡಿದ್ದೆ, ಪೆದ್ದ ಮುಂಡೇದೇ." ಆಮೇಲೆ ಬಹಳ ಹೊತ್ತು ಅತ್ತಳು. ನಾನೂ ಅತ್ತೆ.

ಟೆರಿಯ ಮನೆಗೆ ಹೋಗಿ ಹೇಳಿದೆ. ಮೊದಲು ತಮಾಷೆ ಎಂದುಕೊಂಡ. ಆಮೇಲೆ ದನಿ ಏರಿತು.

"ಯಾರಿಗೂ ಗೊತ್ತಿಲ್ಲ ತಾನೇ?"

"ಮೇವಿಸ್‌ಗೆ ಗೊತ್ತು."

"ಅವಳ ಗಡುವು ಮುಗಿದುಹೋಗಿದೆ! ಬಾಯಿ ಮುಚ್ಕೊಂಡಿರೋ ಆರ್ನಲ್ಡ್, ನಿನ್ನ ಕಾಲಿಗೆ ಬೀಳ್ತೀನಿ. ಹುಡುಗ್ರು ಒಂಬತ್ತು ತಿಂಗಳು ಬೆವರು ಸುರಿಸಿದ್ದಾರೆ. ನಿನ್ನ ಮನಸ್ಸಿನ ನೆಮ್ಮದಿಗೆ ಅವರ ಕುತ್ತಿಗೆ ಕುಯ್ತೀಯಾ?"

ಅವನು ಹೇಳಿದ್ದು ಸುಳ್ಳಲ್ಲ. ಬಾಗಿಲು ಹಾಕಿಕೊಂಡ. ಅದು ಇನ್ನು ನನಗೆ ತೆರೆಯಲಿಕ್ಕಿಲ್ಲ.

1991 ಮೇ 7, ಮಂಗಳವಾರ

ಹಳೆಯ ಐದು ಸಾಲಿನ ಪತ್ರ ಹರಿದು ಹೊಸದು ಬರೆದೆ, ಕೈಯಲ್ಲೇ. ಆಟಗಾರನು ಮೊದಲೇ ವಿಚಾರಿಸಿದ್ದನು, ನಾನು ಗದರಿ ಕಳಿಸಿದೆನು, ಅವನದು ತಪ್ಪಿಲ್ಲ ಎಂದು ಸೇರಿಸಿದೆ. ತಿಳಿದ ಮೇಲೂ ಹನ್ನೆರಡು ವಾರ ಸುಮ್ಮನಿದ್ದೆನು ಎಂದೂ ಬರೆದೆ. ಆ ಸಾಲು ಬರೆಯಲು ಬೆಳಗಿನ ಚಹಾ ಎರಡು ಸಲ ತಣ್ಣಗಾಯಿತು. ಒಂಬತ್ತು ಗಂಟೆಯ ಅಂಚೆಗೆ ಹಾಕಿದೆ.

ಆಮೇಲೆ ರಾಯ್‌ನನ್ನು ಹುಡುಕಿಕೊಂಡು ಹೋದೆ. ಚಾಪೆಲ್ ಬೀದಿಯ ಮನೆಯೊಂದರ ಮಾಡಿನ ಮೇಲಿದ್ದ. ಕೆಳಗಿನಿಂದ ಕೂಗಿದೆ. ಇಳಿದು ಬಂದ. ನಿಂತಲ್ಲೇ ಎಲ್ಲ ಹೇಳಿದೆ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ಸ್ಟೋನ್‌ರಿಗ್ ಮೇಲೆ ಹೊಡೆದ ಎರಡು?"

"ಲೆಕ್ಕಕ್ಕಿಲ್ಲ."

"ದಾಖಲೆ ಪುಸ್ತಕದಿಂದ ತೆಗೀತಾರಾ?"

"ತೆಗೀತಾರೆ."

ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಬೀದಿಯ ಆ ತುದಿಯಿಂದ ಈ ತುದಿಗೆ ಒಮ್ಮೆ ನೋಡಿದ. "ನಮ್ಮಪ್ಪ ಮೈದಾನಕ್ಕೆ ಬಂದ ಕೊನೇ ದಿನ ಅದು. ನಿಮಗೆ ಗೊತ್ತಿತ್ತೋ ಇಲ್ವೋ. ಆಮೇಲೆ ಹಾಸಿಗೆ ಬಿಟ್ಟು ಏಳಲೇ ಇಲ್ಲ."

ಗೊತ್ತಿರಲಿಲ್ಲ. ಮಾರ್ಚಿನಲ್ಲಿ ಮುದುಕ ತೀರಿಕೊಂಡಾಗ ಕ್ಲಬ್ಬಿನ ಪರವಾಗಿ ಹೂ ಕಳಿಸಿದವನು ನಾನೇ, ಆದರೂ ಗೊತ್ತಿರಲಿಲ್ಲ. "ಕ್ಷಮಿಸಪ್ಪಾ" ಎಂದೆ. ಈ ಮಾತು ನನ್ನ ಬಾಯಿಂದ ಹೇಗೆ ಬಂತೋ.

ರಾಯ್ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ಅಪ್ಪ ಕಣ್ಣಾರೆ ನೋಡಿದ್ದಾರಲ್ಲ" ಎಂದ. "ಅದನ್ನ ಲೀಗ್‌ನವರು ಹೇಗೆ ತೆಗೀತಾರೆ?"

ತಿರುಗಿ ಏಣಿಗೆ ಕಾಲಿಟ್ಟ. ಕೆಳಗೆ ಕಲ್ಲು ಸಮವಿರಲಿಲ್ಲ, ಏಣಿ ಅಲುಗುತ್ತಿತ್ತು. ಅವನು ಮೇಲೆ ಹತ್ತಿ ಮುಟ್ಟುವ ತನಕ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ.